ಗೋರಕ್ಷನಾಥ: ಕಾಯಸಿದ್ಧಿಯ ಬದುಕು ಮತ್ತು ಕನ್ನಡದ ನೆನಪು

ಕನ್ನಡ ಸಾಹಿತ್ಯದ ಓದುಗರಿಗೆ ಗೋರಕ್ಷ ಪರಿಚಿತನಾಗಿರುವುದು ಸೋತವನಾಗಿ. ಶ್ರೀಶೈಲದ ಪರಿಸರದಲ್ಲಿ ಅಲ್ಲಮಪ್ರಭುವನ್ನು ಎದುರಿಸಿ, ವಜ್ರಕಾಯದ ಹಮ್ಮು ಕಳೆದು ಶರಣಾದ ಸಿದ್ಧನೆಂಬುದು ಅವನನ್ನು ಕುರಿತ ಸಾಮಾನ್ಯ ತಿಳಿವಳಿಕೆ. ಪಂಜಾಬದಿಂದ ಬಂಗಾಳದವರೆಗೆ, ನೇಪಾಳದಿಂದ ತುಳುನಾಡಿನವರೆಗೆ ನಾಥಪಂಥೀಯರು ಸಾವನ್ನು ಗೆದ್ದ ಗುರುವೆಂದು ಪೂಜಿಸುತ್ತ ಬಂದಿರುವ ಗೋರಕ್ಷನೂ ಇವನೇ. ಈ ಎರಡು ತುದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದೇಹವನ್ನು ರೋಗವಿಲ್ಲದೆ ದೀರ್ಘಕಾಲ ಉಳಿಸಿಕೊಳ್ಳುವ ಸಾಧನೆಯನ್ನು ಕನ್ನಡ ನಾಡು ಎಷ್ಟರಮಟ್ಟಿಗೆ ಒಪ್ಪಿತು, ಎಲ್ಲಿ ತಡೆದು ನಿಲ್ಲಿಸಿತು ಎಂಬ ಪ್ರಶ್ನೆ ಏಳುತ್ತದೆ. ಗೋರಕ್ಷನ ಚರಿತ್ರೆಯನ್ನು ಸೋಲಿನ ಪ್ರಸಂಗವೊಂದಕ್ಕೇ ಸೀಮಿತಗೊಳಿಸಿದರೆ ಈ ಪ್ರಶ್ನೆ ಮರೆಯಾಗುತ್ತದೆ.

ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 9ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಬೇರೆ ಬೇರೆ ನಿರ್ಣಯಗಳು ಬಂದಿವೆ. ಇವುಗಳ ನಡುವೆ ಕೈಗೆ ಸಿಗುವ ಗಟ್ಟಿಯಾದ ಆಧಾರವೆಂದರೆ ಮರಾಠಿಯ ಜ್ಞಾನೇಶ್ವರಿ. 1290ರ ಈ ಕೃತಿಯಲ್ಲಿ ಜ್ಞಾನೇಶ್ವರ ಹೇಳಿಕೊಂಡಿರುವ ಗುರುಪರಂಪರೆ ಮತ್ಸ್ಯೇಂದ್ರ, ಗೋರಕ್ಷ, ಗಹಿನಿ, ನಿವೃತ್ತಿ ಎಂಬ ಕ್ರಮದಲ್ಲಿ ಸಾಗುತ್ತದೆ. ಇದನ್ನು ಅಕ್ಷರಶಃ ಸ್ವೀಕರಿಸಿದರೆ ಗೋರಕ್ಷ 12ನೆಯ ಶತಮಾನಕ್ಕೋ ಅದರ ಆಸುಪಾಸಿಗೋ ಬಂದು ನಿಲ್ಲುತ್ತಾನೆ. ಅಲ್ಲಮನೊಡನೆ ಅವನ ಭೇಟಿ ನಡೆದಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ನಡೆದಿರಲಾರದು ಎಂದು ಹೇಳಲೂ ಬರುವುದಿಲ್ಲ.

ಹುಟ್ಟಿನ ಕಥೆ ಪವಾಡದ್ದು. ಮಕ್ಕಳಿಲ್ಲದ ಹೆಂಗಸೊಬ್ಬಳಿಗೆ ಮತ್ಸ್ಯೇಂದ್ರನಾಥ ಮಂತ್ರಿಸಿದ ಭಸ್ಮ ಕೊಟ್ಟು ಹೋಗುತ್ತಾನೆ. ಆಕೆ ನಂಬದೆ ಅದನ್ನು ತಿಪ್ಪೆಗೆ ಚೆಲ್ಲುತ್ತಾಳೆ. ಹನ್ನೆರಡು ವರ್ಷಗಳ ನಂತರ ಮರಳಿ ಬಂದ ಗುರು ತಿಪ್ಪೆಯ ಬಳಿ ನಿಂತು ಕೂಗಿದಾಗ ಸಗಣಿಯೊಳಗಿಂದ ಹನ್ನೆರಡರ ಹುಡುಗ ಎದ್ದು ಬರುತ್ತಾನೆ. ತಾಯಿಯ ಗರ್ಭವನ್ನು ಕಾಣದ ಈ ಹುಟ್ಟು ಮುಂದಿನ ಬದುಕಿಗೆ ಹೊಂದುವಂತೆ ಹೆಣೆದದ್ದೆಂಬುದು ಸ್ಪಷ್ಟ. ರಜೋವೀರ್ಯಗಳಿಂದ ಆಗದ ದೇಹಕ್ಕೆ ಮಾತ್ರ ಮುಪ್ಪು ಸಾವುಗಳು ತಾಗಲಾರವೆಂಬ ಸಿದ್ಧರ ನಂಬಿಕೆ ಇಲ್ಲಿ ಕಥೆಯಾಗಿದೆ. ಗೋವು, ಸಗಣಿಗಳ ನಂಟಿನಲ್ಲಿ ಪಶುಪಾಲಕರ ನೆನಪೂ ಉಳಿದಿರಬಹುದು. ಹೆಸರೇ ಹಸುಗಳನ್ನು ಕಾಯುವವನೆಂಬ ಅರ್ಥ ಕೊಡುತ್ತದೆ.

ಅವನ ಬದುಕಿನಲ್ಲಿ ಎಲ್ಲ ಭಾಷೆಗಳಲ್ಲೂ ವಿಸ್ತಾರವಾಗಿ ಬೆಳೆದಿರುವ ಘಟನೆ ಗುರುವನ್ನು ಬಿಡಿಸಿ ತಂದದ್ದು. ಮತ್ಸ್ಯೇಂದ್ರ ಹೆಂಗಸರೇ ಆಳುವ ಕದಲೀ ರಾಜ್ಯದಲ್ಲಿ ರಾಣಿಯ ಮೋಹಕ್ಕೆ ಸಿಕ್ಕಿ ತನ್ನ ಯೋಗವನ್ನು ಮರೆತು ಕುಳಿತಿರುತ್ತಾನೆ. ಸಂಚಿತವಾದ ಬಿಂದು ಕರಗುತ್ತ ಬಂದು ಸಾವು ಹತ್ತಿರವಾಗಿರುತ್ತದೆ. ಗಂಡಸರಿಗೆ ಪ್ರವೇಶವಿಲ್ಲದ ಆ ಅರಮನೆಗೆ ಗೋರಕ್ಷ ನಾಟ್ಯಮೇಳದೊಡನೆ ವೇಷ ಮರೆಸಿಕೊಂಡು ಹೋಗಿ ಮೃದಂಗ ನುಡಿಸುತ್ತಾನೆ. ಆ ಬಡಿತವೇ ಗುರುವಿಗೆ ಎಚ್ಚರಗೊಳ್ಳುವಂತೆ ಹೇಳುವ ಮಾತಾಗುತ್ತದೆ. ಶಿಷ್ಯ ಗುರುವನ್ನು ಉದ್ಧರಿಸುವ ಈ ತಲೆಕೆಳಗಾದ ಸಂಬಂಧವನ್ನು ನಾಥರು ಹೆಮ್ಮೆಯಿಂದಲೇ ಹೇಳುತ್ತಾರೆ.

ಕನ್ನಡದ ಸಂದರ್ಭದಲ್ಲಿ ಈ ಕಥೆಯ ಎರಡು ಅಂಶಗಳನ್ನು ಗಮನಿಸಬೇಕು. ಒಂದು ಕದಲಿ. ಮಂಗಳೂರಿನ ಕದ್ರಿಯನ್ನು ನಾಥಪರಂಪರೆ ಕದಲಿಯೊಡನೆ ಗುರುತಿಸುತ್ತದೆ. ಅಲ್ಲಿಯ ಲೋಕೇಶ್ವರ ಕಂಚಿನ ವಿಗ್ರಹವನ್ನು ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದನೆಂಬುದು ಶಾಸನದಿಂದ ತಿಳಿಯುತ್ತದೆ. ನೇಪಾಳದಲ್ಲಿ ಮತ್ಸ್ಯೇಂದ್ರನೂ ಲೋಕೇಶ್ವರನೂ ಒಂದಾಗಿರುವುದನ್ನು ನೆನೆದರೆ ಈ ಗುರುತಿಸುವಿಕೆ ಆಕಸ್ಮಿಕವಲ್ಲ. ಶ್ರೀಶೈಲದ ಕದಳಿಯಂತೂ ಅಕ್ಕಮಹಾದೇವಿ ಮತ್ತು ಅಲ್ಲಮರು ಐಕ್ಯರಾದ ತಾಣವೆಂದು ಶರಣಪರಂಪರೆ ಹೇಳುತ್ತದೆ. ನಾಥರಿಗೆ ಮೋಹದ ನಾಡಾಗಿದ್ದ ಹೆಸರು ಶರಣರಿಗೆ ಮುಕ್ತಿಯ ನಾಡಾಯಿತು.

ಇನ್ನೊಂದು ಮದ್ದಳೆ. ಅಲ್ಲಮನೂ ಮದ್ದಳೆಕಾರನೇ. ಅವನ ಚರಿತ್ರೆಯನ್ನು ಮೊದಲು ಬರೆದ ಹರಿಹರನಲ್ಲಿ ಅವನು ಕಮಲತೆಯ ಪ್ರೇಮದಲ್ಲಿ ಮುಳುಗಿ, ಅವಳ ಸಾವಿನಿಂದ ಕಂಗೆಟ್ಟು, ಅನಿಮಿಷನಲ್ಲಿ ಗುರುವನ್ನು ಕಾಣುತ್ತಾನೆ. 15ನೆಯ ಶತಮಾನದ ಚಾಮರಸನಲ್ಲಿ ಅದೇ ಮದ್ದಳೆಕಾರ ಬನವಸೆಯ ಮಾಯೆಯೆದುರು ನಿರ್ಲಿಪ್ತ. ಹರಿಹರನ ಅಲ್ಲಮ ಮತ್ಸ್ಯೇಂದ್ರನಂತೆ ಮೋಹಕ್ಕೆ ಸಿಕ್ಕವನು. ಚಾಮರಸನ ಅಲ್ಲಮ ಗೋರಕ್ಷನಂತೆ ವಾದ್ಯವನ್ನು ನುಡಿಸುತ್ತಲೇ ಹೆಣ್ಣಿನ ಸೆಳೆತದ ಹೊರಗೆ ಉಳಿದವನು. ಗೋರಕ್ಷನನ್ನು ಸೋಲಿಸುವ ಕಾವ್ಯವೇ ತನ್ನ ನಾಯಕನಿಗೆ ಗೋರಕ್ಷನ ಲಕ್ಷಣವನ್ನು ತೊಡಿಸಿದಂತಿದೆ. ನೇರ ಪ್ರಭಾವವೆಂದು ಸಾಧಿಸುವುದು ಕಷ್ಟ. ಆದರೆ ಹೆಣ್ಣನ್ನು ಬಿಂದುನಾಶದ ಕಾರಣವಾಗಿ ಮಾತ್ರ ಕಾಣುವ ನಾಥರ ದೃಷ್ಟಿ ಇಷ್ಟರಮಟ್ಟಿಗೆ ಕನ್ನಡದೊಳಗೆ ನುಸುಳಿದ್ದು ಲಾಭವೆಂದು ತೋರುವುದಿಲ್ಲ.

ಗುರುವನ್ನು ಉಳಿಸಿದ ಗೋರಕ್ಷ ಕಲಿಸಿದ್ದೇನು? ಅವನ ಹೆಸರಿನಲ್ಲಿರುವ ಎಲ್ಲ ಸಂಸ್ಕೃತ ಗ್ರಂಥಗಳು ಅವನವಲ್ಲ. ಸಿದ್ಧಸಿದ್ಧಾಂತಪದ್ಧತಿಯಂಥವು ಬಹಳ ತಡವಾಗಿ ಹುಟ್ಟಿದವು. ಗೋರಕ್ಷಶತಕದ ಸಂಪ್ರದಾಯದಲ್ಲಿ ಕಾಣುವ ಮುಖ್ಯ ತಿಳಿವು ಹೀಗಿದೆ. ತಲೆಯೊಳಗೆ ಚಂದ್ರನಿದ್ದಾನೆ, ಅವನಿಂದ ಅಮೃತ ತೊಟ್ಟಿಕ್ಕುತ್ತದೆ. ಹೊಕ್ಕುಳಲ್ಲಿರುವ ಸೂರ್ಯ ಅದನ್ನು ನುಂಗುತ್ತಾನೆ. ಮುಪ್ಪು, ರೋಗ, ಸಾವುಗಳು ಈ ನಿತ್ಯದ ಸೋರಿಕೆಯ ಫಲ. ಆದ್ದರಿಂದ ಸಾಧನೆಯೆಂದರೆ ಸೋರಿಕೆಯನ್ನು ತಡೆಯುವ ತಂತ್ರ. ನಾಲಗೆಯನ್ನು ಹಿಂದಕ್ಕೆ ಮಡಚಿ ಅಂಗುಳ ಮೇಲಿನ ರಂಧ್ರವನ್ನು ಮುಚ್ಚುವುದು ಖೇಚರಿ. ತಲೆ ಕೆಳಗಾಗಿ ಕಾಲು ಮೇಲಾಗಿ ನಿಂತು ಸೂರ್ಯನನ್ನು ಮೇಲಕ್ಕೂ ಚಂದ್ರನನ್ನು ಕೆಳಕ್ಕೂ ತರುವುದು ವಿಪರೀತಕರಣಿ. ಮೂಲಬಂಧದಿಂದ ಕೆಳಗಿಳಿಯುವ ಅಪಾನವನ್ನು ಮೇಲೆತ್ತಿ ಪ್ರಾಣದೊಡನೆ ಕೂಡಿಸಲಾಗುತ್ತದೆ. ಬಿಂದು, ಉಸಿರು, ಮನಸ್ಸುಗಳಲ್ಲಿ ಒಂದು ನಿಂತರೆ ಉಳಿದವೂ ನಿಲ್ಲುತ್ತವೆಂಬುದು ಈ ಎಲ್ಲದರ ಹಿಂದಿನ ತರ್ಕ. ಬಿಂದುಧಾರಣೆಯ ಈ ಸಿದ್ಧಾಂತದ ಮೊದಲ ವ್ಯವಸ್ಥಿತ ರೂಪ ಅಮೃತಸಿದ್ಧಿ ಎಂಬ ಗ್ರಂಥದಲ್ಲಿದ್ದು, ಅದು ಬೌದ್ಧ ವಜ್ರಯಾನದ ಪರಿಸರದಲ್ಲಿ ಹುಟ್ಟಿತೆಂದು ಇತ್ತೀಚಿನ ಸಂಶೋಧನೆ ತೋರಿಸಿದೆ.

ಇದೇ ಹೊತ್ತಿಗೆ ಚೀನಾದಲ್ಲಿಯೂ ಹೋಲುವ ಬದಲಾವಣೆಯೊಂದು ನಡೆದಿತ್ತು. ಅಲ್ಲಿಯ ತಾವೊ ಪಂಥದವರು ಮೊದಲು ಪಾದರಸ, ಇಂಗುಲಿಕಗಳಿಂದ ಅಮರತ್ವದ ಗುಳಿಗೆ ಮಾಡಲು ಹೊರಟವರು. 4ನೆಯ ಶತಮಾನದ ಗೆ ಹಾಂಗ್ ಇದನ್ನು ವಿವರವಾಗಿ ಬರೆದ. 9ನೆಯ ಶತಮಾನದಲ್ಲಿ ತಾಂಗ್ ವಂಶದ ಕೆಲವು ಅರಸರು ಅಂಥ ಗುಳಿಗೆಗಳನ್ನು ಸೇವಿಸಿಯೇ ಸತ್ತರು. 11ನೆಯ ಶತಮಾನದ ಝಾಂಗ್ ಬೋದುವಾನ್‌ನ ಕಾಲಕ್ಕೆ ಕುಲುಮೆ ದೇಹದ ಒಳಕ್ಕೆ ಬಂದಿತ್ತು: ಸತ್ತ್ವ, ಉಸಿರು, ಚೈತನ್ಯಗಳೇ ಕರಗಿಸಿ ಹದಗೊಳಿಸಬೇಕಾದ ದ್ರವ್ಯಗಳು, ಹೊಟ್ಟೆಯ ಕೆಳಭಾಗವೇ ಒಲೆ. ನಮ್ಮಲ್ಲೂ ರಸವಾದ ಮತ್ತು ಹಠಯೋಗಗಳು ಒಂದರ ಪಕ್ಕ ಒಂದು ಇದ್ದವು; ಶ್ರೀಶೈಲ ರಸಸಿದ್ಧರ ಬೆಟ್ಟವೆಂದು ಹೆಸರಾಗಿತ್ತು. 13ನೆಯ ಶತಮಾನದ ಕೊನೆಗೆ ದಕ್ಷಿಣ ಭಾರತದ ತೀರಕ್ಕೆ ಬಂದ ಮಾರ್ಕೋ ಪೋಲೋ, ಪಾದರಸ ಗಂಧಕಗಳನ್ನು ಬೆರೆಸಿ ಕುಡಿದು ನೂರೈವತ್ತು ಇನ್ನೂರು ವರ್ಷ ಬದುಕುವ ಜೋಗಿಗಳ ವಿಷಯವನ್ನು ದಾಖಲಿಸಿದ್ದಾನೆ. ತಮಿಳು ಸಿದ್ಧ ಬೋಗರನನ್ನು ಐತಿಹ್ಯಗಳು ಚೀನಾದೊಡನೆ ಜೋಡಿಸುತ್ತವೆ. ಯಾರಿಂದ ಯಾರು ಕಲಿತರೆಂಬ ವಾದ ಮುಗಿಯುವಂಥದ್ದಲ್ಲ. ಗೋರಕ್ಷನ ಬದುಕು ಒಂಟಿಯಾದ ಪವಾಡಕಥೆಯಲ್ಲ, ಏಷ್ಯಾದ ಬಹುಭಾಗವನ್ನು ವ್ಯಾಪಿಸಿದ್ದ ಒಂದು ಹಂಬಲದ ಭಾಗವೆಂಬುದಕ್ಕೆ ಇಷ್ಟು ಸಾಕು.

ಗ್ರಂಥಗಳ ಈ ಸಾಧನೆ ಸಾಮಾನ್ಯ ಜನರಿಗೆ ದಕ್ಕಿದ್ದು ಬೇರೆ ರೂಪದಲ್ಲಿ. ಅದಕ್ಕೆ ಸಾಕ್ಷಿ ಮಲಪ್ರಭೆಯ ಸೀಮೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಪ್ರದೇಶ ಶರಣಪರಂಪರೆಯ ನೆನಪುಗಳಿಂದ ತುಂಬಿದೆ. ಕಲ್ಯಾಣದ ವಿಪ್ಲವದ ನಂತರ ಉಳವಿಯತ್ತ ನಡೆದ ಶರಣರ ದಾರಿ ಇದೇ ಎಂದು ಐತಿಹ್ಯ ಹೇಳುತ್ತದೆ. ಕಿತ್ತೂರಿನ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳ ನದಿಯಲ್ಲಿಯೇ ಇದೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಕ್ಷೇತ್ರ. ಇವುಗಳ ನಡುವೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆ ನಾಥರನ್ನು ಉಳಿಸಿಕೊಂಡಿದೆ. ಮಲಪ್ರಭೆಯ ಮರಳಿನಿಂದ ಕೊಡ ಮಾಡಿ ನೀರು ತರುತ್ತಿದ್ದ ರೇಣುಕೆ ಮನಸ್ಸು ಚಂಚಲವಾದ ದಿನ ಆ ಶಕ್ತಿಯನ್ನು ಕಳೆದುಕೊಳ್ಳುತ್ತಾಳೆ. ಜಮದಗ್ನಿಯ ಶಾಪದಿಂದ ಅವಳ ಮೈಯೆಲ್ಲ ಹುಣ್ಣಾಗುತ್ತದೆ. ಕಾಡಿನಲ್ಲಿ ಅಲೆಯುವ ಅವಳಿಗೆ ಎದುರಾಗುವವರು ಏಕನಾಥ, ಜೋಗಿನಾಥರು. ಜನರ ಬಾಯಲ್ಲಿ ಎಕ್ಕಯ್ಯ, ಜೋಗಯ್ಯ. ಅವರು ಹೇಳಿದಂತೆ ನೀರಿನಲ್ಲಿ ಮಿಂದು, ವ್ರತ ಹಿಡಿದು, ಬುಟ್ಟಿ ಹೊತ್ತು ಜೋಗ ಬೇಡಿದ ಮೇಲೆ ಮೈ ಮೊದಲಿನಂತಾಗುತ್ತದೆ. ಇಂದಿಗೂ ಭಕ್ತರು ಜೋಗುಳಬಾವಿಯಲ್ಲಿ ಮಿಂದೇ ಗುಡ್ಡ ಹತ್ತುತ್ತಾರೆ.

ಈ ಇಬ್ಬರು ಐತಿಹಾಸಿಕ ನಾಥರೆಂದು ಹೇಳುವಂತಿಲ್ಲ, ಗೋರಕ್ಷನ ಹೆಸರೂ ಇಲ್ಲಿ ಬರುವುದಿಲ್ಲ. ಆದರೂ ಜನಪದ ಮನಸ್ಸು ನಾಥನೆಂಬವನಿಗೆ ಕೊಟ್ಟ ಕೆಲಸ ಯಾವುದೆಂಬುದು ಮುಖ್ಯ. ಅವನು ಅಮರನಾಗುವ ವಿದ್ಯೆಯನ್ನು ಹೇಳುವುದಿಲ್ಲ. ಗಂಡನೂ ಕೈಬಿಟ್ಟ ರೋಗಿಷ್ಠ ಹೆಂಗಸಿನ ಹುಣ್ಣು ಮಾಗಿಸುತ್ತಾನೆ. ಕದಲಿಯ ಕಥೆಯಲ್ಲಿ ಹೆಣ್ಣಿನಿಂದ ಓಡಿದ ನಾಥ ಸವದತ್ತಿಯಲ್ಲಿ ಹೆಣ್ಣನ್ನು ಉಪಚರಿಸುತ್ತಾನೆ. ಎಲ್ಲಮ್ಮನ ಜೋಗಪ್ಪ, ಜೋಗಮ್ಮರ ಹೆಸರಿನಲ್ಲಿಯೂ ಆ ಪದ ಉಳಿದಿದೆ. ಇದೇ ಸೀಮೆಗೆ ಹೊಂದಿಕೊಂಡ ಖಾನಾಪುರ ಕಾಡಿನ ಹಂಡಿಬಡಗನಾಥ ಮಠ ನಾಥರ ಸಂಚಾರ ಈ ಭಾಗದಲ್ಲಿ ಕಥೆ ಮಾತ್ರವಾಗಿರಲಿಲ್ಲ ಎಂಬುದನ್ನು ತೋರಿಸುತ್ತದೆ. ತ್ರ್ಯಂಬಕೇಶ್ವರದಿಂದ ಹನ್ನೆರಡು ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಹೊರಡುವ ಜೋಗಿಗಳ ತಂಡ ಕದ್ರಿಯನ್ನು ತಲುಪಿ ಅಲ್ಲಿಯ ಮಠಕ್ಕೆ ಹೊಸ ಅರಸನನ್ನು ಕೂರಿಸುತ್ತದೆ. 2016ರಲ್ಲಿಯೂ ಹಾಗೆಯೇ ನಡೆಯಿತು.

ಇನ್ನು ಅಲ್ಲಮನ ಭೇಟಿ. ಹರಿಹರನಲ್ಲಿ ಈ ಪ್ರಸಂಗವಿಲ್ಲ. ಪ್ರೌಢದೇವರಾಯನ ಕಾಲದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ, ಮುಂದೆ ಗೂಳೂರ ಸಿದ್ಧವೀರಣ್ಣನ ಶೂನ್ಯಸಂಪಾದನೆಯಲ್ಲಿ ಅದು ಬೆಳೆದು ನಿಂತಿದೆ. ಅದೇ 15ನೆಯ ಶತಮಾನದಲ್ಲಿ ಶ್ರೀಶೈಲದ ಭಿಕ್ಷಾವೃತ್ತಿ ಮಠದ ಆಶ್ರಯದಲ್ಲಿ ಗೌರನ ತೆಲುಗಿನಲ್ಲಿ ನವನಾಥಚರಿತ್ರೆಯನ್ನು ದ್ವಿಪದಿಯಲ್ಲಿ ಬರೆದ. ಒಂದೇ ಬೆಟ್ಟದ ಸುತ್ತ ಒಬ್ಬ ಶೈವ ಕವಿ ನಾಥರನ್ನು ಕೊಂಡಾಡುತ್ತಿದ್ದಾಗ ಇನ್ನೊಬ್ಬ ಅವರ ಗುರುವನ್ನು ಸೋಲಿಸುತ್ತಿದ್ದ. ಪ್ರಸಂಗ ಹುಟ್ಟಿದ್ದಕ್ಕೆ ಈ ಪೈಪೋಟಿಯೂ ಕಾರಣವಿರಬೇಕು.

ಕಥೆ ಚಿಕ್ಕದು. ತನ್ನ ದೇಹ ಸಿದ್ಧಿಸಿದೆಯೆಂದು ಗೋರಕ್ಷ ಕತ್ತಿಯನ್ನು ಅಲ್ಲಮನ ಕೈಗೆ ಕೊಟ್ಟು ಹೊಡೆಯಲು ಹೇಳುತ್ತಾನೆ. ಹೊಡೆತಕ್ಕೆ ಲೋಹದಂತೆ ಸದ್ದಾಗುತ್ತದೆ, ಕೂದಲೂ ಕೊಂಕುವುದಿಲ್ಲ. ಅಲ್ಲಮ ನಗುತ್ತಾನೆ. ಪ್ರತಿಯಾಗಿ ತನ್ನನ್ನು ಹೊಡೆಯಲು ಹೇಳುತ್ತಾನೆ. ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಇಲ್ಲಿ ಹಲವು ವ್ಯಾಖ್ಯಾನಕಾರರು ಗಮನಿಸದ ಸಂಗತಿಯೊಂದಿದೆ. ಗೋರಕ್ಷನ ಸಾಧನೆ ಸುಳ್ಳೆಂದು ಕಾವ್ಯ ಎಲ್ಲೂ ಹೇಳುವುದಿಲ್ಲ. ಕತ್ತಿ ನಿಜವಾಗಿಯೂ ನಾಟಲಿಲ್ಲ. ಯೋಗ ಕೊಡುತ್ತೇನೆಂದದ್ದನ್ನು ಕೊಟ್ಟಿದೆ. ಆಕ್ಷೇಪವಿರುವುದು ಆ ಸದ್ದಿಗೆ. ತಡೆಯುವ ವಸ್ತು ಇರುವವರೆಗೆ ತಡೆಯಲು ಇನ್ನೊಂದು ಬರುತ್ತಲೇ ಇರುತ್ತದೆ, ಅಂಥ ದೇಹ ಎಷ್ಟು ಗಟ್ಟಿಯಾದರೂ ಕಾಯಬೇಕಾದ ಆಸ್ತಿಯಾಗಿಯೇ ಉಳಿಯುತ್ತದೆ. ದೀರ್ಘಾಯುಷ್ಯವನ್ನು ಸಾಧನೆಯ ಫಲವಾಗಿ ಒಪ್ಪಿ ಅದನ್ನು ಗುರಿಯಾಗಿ ಒಪ್ಪದ ನಿಲುವು ಇದು.

ಸೋತ ಗೋರಕ್ಷನನ್ನು ಕನ್ನಡ ಹೊರಗೆ ಅಟ್ಟಲಿಲ್ಲ. ಅವನ ಹೆಸರಿನಲ್ಲಿ ಕೆಲವು ವಚನಗಳು ಉಳಿದಿವೆ. ಅವುಗಳ ಅಂಕಿತದಲ್ಲಿ ಗೋರಕ್ಷನನ್ನು ಪಾಲಿಸುವ ಮಹಾಪ್ರಭು ಸಿದ್ಧಸೋಮನಾಥಲಿಂಗವಾಗಿ ಕುಳಿತಿದ್ದಾನೆ. ನಾಥಪರಂಪರೆಗೆ ಮಾತ್ರ ಅವನ ಸಾವಿನ ಕಥೆಯೇ ಇಲ್ಲ, ಅವನು ಚಿರಂಜೀವಿ. 15ನೆಯ ಶತಮಾನದಲ್ಲಿ ಸ್ವಾತ್ಮಾರಾಮ ಹಠಪ್ರದೀಪಿಕೆಯನ್ನು ಬರೆಯುವಾಗ ಹಠಯೋಗದ ಬಲದಿಂದ ಕಾಲದಂಡವನ್ನು ಮುರಿದು ಬ್ರಹ್ಮಾಂಡದಲ್ಲಿ ಸಂಚರಿಸುವ ಮಹಾಸಿದ್ಧರ ಪಟ್ಟಿಯೊಂದನ್ನು ಕೊಟ್ಟ. ಮತ್ಸ್ಯೇಂದ್ರ, ಗೋರಕ್ಷರಿರುವ ಆ ಪಟ್ಟಿಯಲ್ಲಿ ಅಲ್ಲಮ ಪ್ರಭುದೇವನ ಹೆಸರೂ ಇದೆ.