ಸಿರಿ ಮಾಮ್ ಮತ್ತು ಬಿಳಿಯ ಕೋಣೆ

ಕಥೆಗಾರ ಸಾಮರ್‌ಸೆಟ್ ಮಾಮ್ ಅವರನ್ನು ಓದಿದವರು ಸಿರಿ ಮಾಮ್ ಅವರನ್ನು ಆತನ ಪತ್ನಿಯೆಂದಷ್ಟೇ ಬಲ್ಲರು. ಆದರೆ ಒಳಾಂಗಣ ಅಲಂಕಾರವನ್ನು ವೃತ್ತಿಯಾಗಿ ಕೈಗೊಂಡ ಮೊದಲ ತಲೆಮಾರಿನ ಮಹಿಳೆಯರಲ್ಲಿ ಅವರೊಬ್ಬರು.

ಇಂಗ್ಲೆಂಡಿನಲ್ಲಿ ನಿರ್ಗತಿಕ ಮಕ್ಕಳಿಗಾಗಿ ಆಶ್ರಮಗಳನ್ನು ಸ್ಥಾಪಿಸಿದ ಥಾಮಸ್ ಬರ್ನಾರ್ಡೋ ಅವರ ಮಗಳಾಗಿ 1879ರಲ್ಲಿ ಜನಿಸಿದ ಸಿರಿ, 1901ರಲ್ಲಿ ಔಷಧೋದ್ಯಮಿ ಹೆನ್ರಿ ವೆಲ್‌ಕಮ್ ಅವರನ್ನು ವರಿಸಿದರು. ಆ ದಾಂಪತ್ಯ ಮುರಿದ ಬಳಿಕ 1917ರಲ್ಲಿ ಮಾಮ್ ಅವರನ್ನು ವಿವಾಹವಾದರು.

ನಲವತ್ತು ದಾಟಿದ ಮೇಲೆ, 1922ರಲ್ಲಿ, ಸಾಲದ ಬಂಡವಾಳದಿಂದ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಹಳೆಯ ಪೀಠೋಪಕರಣಗಳ ಗಾಢವರ್ಣವನ್ನು ಕೆರೆದು ತೆಗೆದು ಬಿಳಿ ಬಳಿಯುವುದು ಅವರ ಕ್ರಮ. ಪ್ರಾಚೀನ ವಸ್ತುಗಳ ಅಭಿಮಾನಿಗಳಿಗೆ ಇದು ಅಪಚಾರವಾಗಿ ಕಂಡಿತು. 1927ರಲ್ಲಿ ಚೆಲ್ಸಿಯ ಸ್ವಗೃಹದಲ್ಲಿ ಅವರು ರೂಪಿಸಿದ ಕೋಣೆಯಲ್ಲಿ ಗೋಡೆ, ಆಸನ, ನೆಲಹಾಸುಗಳೆಲ್ಲ ಬಿಳಿಯದೇ ನಾನಾ ಛಾಯೆಗಳನ್ನು ತಳೆದಿದ್ದವು. ಕನ್ನಡಿಯ ಮಡಿಕೆತೆರೆ ಬೆಳಕನ್ನು ಇಮ್ಮಡಿಸುತ್ತಿತ್ತು. ವಿಕ್ಟೋರಿಯಾ ಯುಗದ ಮಬ್ಬುಗತ್ತಲಿಗೆ ಒಗ್ಗಿದ್ದ ಮನೆಗಳಿಗೆ ಅದು ಹೊಸ ಮಾದರಿಯಾಯಿತು.

1929ರ ವಿಚ್ಛೇದನದ ನಂತರವೂ ಅವರ ಉದ್ಯಮ ನಿಲ್ಲಲಿಲ್ಲ. 1955ರಲ್ಲಿ ಸಿರಿ ನಿಧನರಾದರು. ಏಳು ವರ್ಷಗಳ ತರುವಾಯ ಮಾಮ್ ತಮ್ಮ ಆತ್ಮಕಥನದಲ್ಲಿ ಅವರನ್ನು ಕಟುವಾಗಿ ನಿಂದಿಸಿದರು. ಲೇಖನಿಯಿದ್ದ ಪತಿಯ ಮಾತು ಉಳಿಯಿತು. ಉತ್ತರಿಸಲು ಪತ್ನಿ ಇರಲಿಲ್ಲ. ಆ ಉತ್ತರವನ್ನು ಅವರು ಬೆಳಗಿಸಿದ ಕೋಣೆಗಳಲ್ಲಿಯೇ ಅರಸಬೇಕು.