ಜೆನೆಟ್ ರ‍್ಯಾಂಕಿನ್: ಎರಡು ಯುದ್ಧಗಳಿಗೂ ಬೇಡವೆಂದ ಸಂಸದೆ

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್. ಆ ದೇಶ ಎರಡು ಮಹಾಯುದ್ಧಗಳನ್ನು ಸೇರುವಾಗ ಎರಡು ಸಲವೂ ವಿರುದ್ಧ ಮತ ಹಾಕಿದ ಏಕೈಕ ಸದಸ್ಯರೂ ಅವರೇ. ಎರಡು ಸಲವೂ ಅದಕ್ಕಾಗಿ ಅವರು ಭಾರಿ ಬೆಲೆ ತೆರಬೇಕಾಯಿತು.

1880ರ ಜೂನ್ 11ರಂದು ಮಾಂಟಾನಾದ ಮಿಸೌಲಾ ಪಟ್ಟಣದ ಹತ್ತಿರ ಅವರು ಜನಿಸಿದರು. ತಂದೆ ಜಮೀನು, ದನಕರುಗಳ ಒಡೆಯರು. ತಾಯಿ ಮದುವೆಗೆ ಮುಂಚೆ ಶಾಲಾ ಶಿಕ್ಷಕಿ. ಮಕ್ಕಳಲ್ಲಿ ಹಿರಿಯರಾದ ಜೆನೆಟ್ 1902ರಲ್ಲಿ ಮಾಂಟಾನಾ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಪದವಿ ಪಡೆದರು. ಕೆಲಕಾಲ ಪಾಠ ಹೇಳಿದರು, ಬಟ್ಟೆ ಹೊಲಿದರು, ನ್ಯೂಯಾರ್ಕಿಗೆ ಹೋಗಿ ಸಮಾಜಸೇವೆಯ ಶಿಕ್ಷಣ ಪಡೆದರು. ಬಳಿಕ ಮಹಿಳೆಯರ ಮತದಾನದ ಹಕ್ಕಿಗಾಗಿ ಹಲವು ರಾಜ್ಯಗಳಲ್ಲಿ ದುಡಿದರು. 1914ರಲ್ಲಿ ಮಾಂಟಾನಾದ ಮಹಿಳೆಯರಿಗೆ ಆ ಹಕ್ಕು ದೊರೆಯಿತು. ಇಡೀ ದೇಶದ ಮಹಿಳೆಯರಿಗೆ ಅದು ಸಿಕ್ಕಿದ್ದು 1920ರಲ್ಲಿ.

1916ರಲ್ಲಿ ಪ್ರತಿನಿಧಿ ಸಭೆಗೆ ಚುನಾವಣೆ ಬಂತು. ಇದು ನಮ್ಮ ಲೋಕಸಭೆಯಂಥ ಸದನ. ಮಾಂಟಾನಾ ವಿಸ್ತಾರವಾದ ರಾಜ್ಯ, ಆದರೆ ಜನಸಂಖ್ಯೆ ಕಡಿಮೆ. ಹಾಗಾಗಿ ಅದಕ್ಕೆ ಎರಡೇ ಸ್ಥಾನಗಳು. ಆಗ ಅಲ್ಲಿ ಕ್ಷೇತ್ರಗಳ ವಿಂಗಡಣೆ ಇರಲಿಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ, ಪ್ರತಿ ಮತದಾರರಿಗೂ ಎರಡು ಮತ. ಸದಸ್ಯರೊಬ್ಬರು ಮತ್ತೆ ನಿಲ್ಲದೆ ಒಂದು ಸ್ಥಾನ ತೆರವಾಗಿತ್ತು. ರಿಪಬ್ಲಿಕನ್ ಪಕ್ಷದಿಂದ ಜೆನೆಟ್ ಕಣಕ್ಕಿಳಿದರು. ತಮ್ಮ ವೆಲಿಂಗ್ಟನ್ ಹಣ ಹೊಂದಿಸಿ ಪ್ರಚಾರದ ಉಸ್ತುವಾರಿ ಹೊತ್ತರು. ಮಹಿಳೆಯರ ಹಕ್ಕು, ಮಕ್ಕಳ ರಕ್ಷಣೆ, ಶಾಂತಿ ಇವು ಅವರ ಮುಖ್ಯ ವಿಷಯಗಳು. ಗಣಿ ಊರುಗಳು, ಹಳ್ಳಿಯ ಶಾಲೆಗಳು, ರೈಲು ನಿಲ್ದಾಣಗಳು ಎನ್ನದೆ ಸುತ್ತಿದರು. ಮತದಾನದ ದಿನ ಅವರ ಬೆಂಬಲಿಗರು ಮನೆಮನೆಗೂ ಟೆಲಿಫೋನ್ ಮಾಡಿ ಮತ ಹಾಕಲು ನೆನಪಿಸಿದರು.

ಅವರು ಸೋತರೆಂದೇ ಮೊದಲು ಸುದ್ದಿ ಹರಡಿತು. ದೂರದ ಊರುಗಳ ಎಣಿಕೆ ಬರಲು ದಿನಗಳೇ ಹಿಡಿದವು. ಕೊನೆಗೆ ಡೆಮಾಕ್ರಾಟಿಕ್ ಪಕ್ಷದ ಜಾನ್ ಇವಾನ್ಸ್ ಮೊದಲ ಸ್ಥಾನ, ಜೆನೆಟ್ ಎರಡನೆಯ ಸ್ಥಾನ ಪಡೆದು ಇಬ್ಬರೂ ಆಯ್ಕೆಯಾದರು. ಅದೇ ದಿನ ಮಾಂಟಾನಾ ಅಧ್ಯಕ್ಷ ಪದವಿಗೆ ಡೆಮಾಕ್ರಾಟಿಕ್ ಪಕ್ಷದ ವುಡ್ರೋ ವಿಲ್ಸನ್ ಅವರನ್ನು ಬೆಂಬಲಿಸಿತ್ತು. ಅಂಥ ಗಾಳಿಯಲ್ಲೂ ಜೆನೆಟ್ ಗೆದ್ದರು.

1917ರ ಏಪ್ರಿಲ್ 2ರಂದು ಪ್ರಮಾಣವಚನ ಸ್ವೀಕರಿಸಿದ ನಾಲ್ಕೇ ದಿನಕ್ಕೆ ಯುದ್ಧ ಘೋಷಣೆಯ ನಿರ್ಣಯ ಮತಕ್ಕೆ ಬಂತು. ಯುದ್ಧಕ್ಕೆ ಬೇಡವೆಂದರೆ ಮಹಿಳೆಯರ ಹೋರಾಟಕ್ಕೇ ಪೆಟ್ಟು ಬೀಳುತ್ತದೆಂದು ಆಪ್ತರು ಎಚ್ಚರಿಸಿದ್ದರು. ಒಡಹುಟ್ಟಿದ ತಮ್ಮನೂ ಪರವಾಗಿ ಮತ ಹಾಕಲು ಒತ್ತಾಯಿಸಿದ್ದರು. ಜೆನೆಟ್ ಬೇಡವೆಂದೇ ಮತ ಹಾಕಿದರು. ನಿರ್ಣಯದ ಪರ 373, ವಿರುದ್ಧ 50 ಮತಗಳು ಬಿದ್ದವು. ಅವರೊಂದಿಗೆ 49 ಪುರುಷ ಸದಸ್ಯರೂ ಬೇಡವೆಂದಿದ್ದರೂ ಟೀಕೆಯ ಬಹುಪಾಲು ಈ ಒಬ್ಬ ಮಹಿಳೆಯ ಮೇಲೆಯೇ ಬಿತ್ತು.

ಅದೇ ವರ್ಷ ಬ್ಯೂಟ್ ನಗರದ ತಾಮ್ರದ ಗಣಿಯಲ್ಲಿ ಬೆಂಕಿ ಬಿದ್ದು 160ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಜೆನೆಟ್ ಕಾರ್ಮಿಕರ ಪರ ನಿಂತು ಗಣಿ ಕಂಪನಿಯ ವಿರೋಧ ಕಟ್ಟಿಕೊಂಡರು. ಅಷ್ಟರಲ್ಲಿ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಒಡೆಯಲಾಯಿತು. ಅವರ ಪಾಲಿಗೆ ಬಂದದ್ದು ಎದುರು ಪಕ್ಷ ಬಲವಾಗಿದ್ದ ಪಶ್ಚಿಮ ಭಾಗ. 1918ರಲ್ಲಿ ಅವರು ಮತ್ತೆ ಇಡೀ ರಾಜ್ಯ ಮತ ಹಾಕುವ ಸೆನೆಟ್ ಸ್ಥಾನಕ್ಕೆ ಪ್ರಯತ್ನಿಸಿದರು. ಸ್ವಪಕ್ಷದ ಆಯ್ಕೆ ಚುನಾವಣೆಯಲ್ಲಿ ಸೋತು ಬೇರೊಂದು ಸಣ್ಣ ಪಕ್ಷದಿಂದ ನಿಂತರೂ ಗೆಲುವು ಸಿಗಲಿಲ್ಲ.

ಇಪ್ಪತ್ತೆರಡು ವರ್ಷಗಳ ಬಳಿಕ, 1940ರಲ್ಲಿ, ಅದೇ ಪಶ್ಚಿಮ ಕ್ಷೇತ್ರ ಅವರನ್ನು ಮತ್ತೆ ಆರಿಸಿತು. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಜಪಾನ್ ವಿರುದ್ಧ ಯುದ್ಧ ಸಾರುವ ನಿರ್ಣಯಕ್ಕೆ 388 ಮತಗಳು ಬಿದ್ದವು. ವಿರುದ್ಧ ಒಂದೇ ಮತ. ಅದು ಜೆನೆಟ್ ಅವರದು. ಸಿಟ್ಟಿಗೆದ್ದ ಗುಂಪಿನಿಂದ ತಪ್ಪಿಸಿಕೊಳ್ಳಲು ಅವರು ಟೆಲಿಫೋನ್ ಕೋಣೆಯೊಳಗೆ ಸೇರಿಕೊಂಡರು. ಪೊಲೀಸರು ಬಂದು ಕಚೇರಿಗೆ ತಲುಪಿಸಿದರು. ಮುಂದಿನ ಚುನಾವಣೆಗೆ ಅವರು ನಿಲ್ಲಲೇ ಇಲ್ಲ.

ಸಂಸತ್ತು ಬಿಟ್ಟರೂ ಅವರು ಅಹಿಂಸೆಯ ದಾರಿ ಬಿಡಲಿಲ್ಲ. ಗಾಂಧೀಜಿಯವರ ಮಾರ್ಗವನ್ನು ಹತ್ತಿರದಿಂದ ಅರಿಯಲು 1946ರಿಂದ 1971ರ ನಡುವೆ ಏಳು ಬಾರಿ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ, 87ನೇ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧ ನಿಲ್ಲಿಸಬೇಕೆಂದು ಸಾವಿರಾರು ಮಹಿಳೆಯರೊಂದಿಗೆ ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ನಡೆಸಿದರು.

1973ರ ಮೇ 18ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದಾಗ ಅವರಿಗೆ 92 ವರ್ಷ. ಅವರು ಬಿಟ್ಟುಹೋದ ಆಸ್ತಿಯ ಒಂದು ಭಾಗದಿಂದ ಆರಂಭವಾದ ನಿಧಿ, ವಯಸ್ಸು ಮೀರಿದ ಮೇಲೆ ಓದು ಮುಂದುವರಿಸುವ ಬಡ ಮಹಿಳೆಯರಿಗೆ ನೆರವಾಗುತ್ತಿದೆ. 1985ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಮಾಂಟಾನಾದ ಪರವಾಗಿ ಅವರ ಪ್ರತಿಮೆ ಸ್ಥಾಪನೆಯಾಯಿತು. ಜನರ ಕೋಪಕ್ಕೆ ಹೆದರಿ ಒಮ್ಮೆ ಬಚ್ಚಿಟ್ಟುಕೊಳ್ಳಬೇಕಾದ ಅದೇ ಭವನದಲ್ಲಿ ಇಂದು ಅವರು ರಾಜ್ಯದ ಹೆಮ್ಮೆಯಾಗಿ ನಿಂತಿದ್ದಾರೆ.