ಮಾರ್ಟಿನ್ ಲೂಥರನ ದಾಂಪತ್ಯ

ಮಾರ್ಟಿನ್ ಲೂಥರನ ಹೆಸರನ್ನು ಕೇಳದವರು ವಿರಳ. ಪೋಪರ ಅಧಿಕಾರವನ್ನು ಎದುರಿಸಿ ನಿಂತ ಧೀರನೆಂದು ಲೋಕವು ಆತನನ್ನು ಬಲ್ಲುದು. ಆದರೆ ಆತನು ಒಬ್ಬ ಸ್ತ್ರೀಯ ಪತಿಯಾಗಿ, ಆರು ಮಕ್ಕಳ ತಂದೆಯಾಗಿ, ಒಂದು ಊರಿನ ಕ್ರೈಸ್ತ ಸಭೆಗೆ ಸೇರಿದವನಾಗಿ ಇಪ್ಪತ್ತು ವರ್ಷ ಬಾಳಿದ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಬಾಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೂಥರನು ೧೪೮೩ರಲ್ಲಿ ಜರ್ಮನಿಯ ಐಸ್ಲೆಬೆನ್ ಎಂಬ ಊರಿನಲ್ಲಿ ಜನಿಸಿದನು. ೧೫೦೫ರಲ್ಲಿ ತಂದೆಯ ಇಚ್ಛೆಗೆ ವಿರುದ್ಧವಾಗಿ ಮಠವನ್ನು ಸೇರಿ ಬ್ರಹ್ಮಚರ್ಯವ್ರತವನ್ನು ಕೈಕೊಂಡನು. ಆಗಿನ ಕಾಲದಲ್ಲಿ ಪಾದ್ರಿಗಳಿಗೂ ಸಂನ್ಯಾಸಿನಿಯರಿಗೂ ವಿವಾಹವು ನಿಷಿದ್ಧ. ಗೃಹಸ್ಥಾಶ್ರಮವೆಂದರೆ ದೇವರಿಗೆ ಒಂದು ಮೆಟ್ಟಿಲು ದೂರವಾದ ಸ್ಥಿತಿಯೆಂಬ ಭಾವನೆ. ವೇದವ್ಯಾಸಂಗದಿಂದ ಲೂಥರನ ಮನಸ್ಸು ಬೇರೆ ಹಾದಿ ಹಿಡಿಯಿತು. ಸತಿಪತಿಯರ ದೇಹಸಂಗಮವು ದೇವರ ಸೃಷ್ಟಿಕ್ರಮವೇ ಹೊರತು ನಾಚಿಕೆಯ ವಿಷಯವಲ್ಲವೆಂದೂ, ಮಗುವಿನ ಬಟ್ಟೆ ಒಗೆಯುವ ತಂದೆಯ ಕೆಲಸವೂ ದೇವರಿಗೆ ಪ್ರಿಯವೆಂದೂ ೧೫೨೨ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಹೀಗೆ ಬರೆದಾಗ ಆತನಿನ್ನೂ ಅವಿವಾಹಿತ!

ಮರುವರ್ಷ ನಿಂಬ್‌ಶೆನ್ ಎಂಬಲ್ಲಿನ ಮಠದಿಂದ ಹನ್ನೆರಡು ಮಂದಿ ಸಂನ್ಯಾಸಿನಿಯರು ಈಸ್ಟರ್ ಹಬ್ಬದ ವೇಳೆಗೆ ರಾತ್ರಿಯಲ್ಲಿ ಹೊರಬಿದ್ದರು. ಮಠಕ್ಕೆ ಮೀನು ಸರಬರಾಜು ಮಾಡುತ್ತಿದ್ದ ಟೋರ್ಗಾವ್ ಊರಿನ ವರ್ತಕನೊಬ್ಬನು ಲೂಥರನ ಸೂಚನೆಯಂತೆ ಅವರನ್ನು ತನ್ನ ಗಾಡಿಯಲ್ಲಿ ಪಾರುಮಾಡಿದನು. ಅವರಲ್ಲಿ ಒಂಬತ್ತು ಮಂದಿ ವಿಟ್ಟೆನ್‌ಬರ್ಗನ್ನು ತಲಪಿದರು. ಒಬ್ಬೊಬ್ಬರಿಗೂ ನೆಲೆಯಾಯಿತು; ಕೊನೆಗೆ ಉಳಿದವಳು ಕಾಥರೀನಾ ಫೊನ್ ಬೋರಾ. ಆಕೆಗೆ ಇಪ್ಪತ್ತಾರು, ಲೂಥರನಿಗೆ ನಲವತ್ತೊಂದು ವರ್ಷ ನಡೆಯುತ್ತಿದ್ದಾಗ, ೧೫೨೫ರ ಜೂನ್ ೧೩ರಂದು, ಊರಿನ ಸಭಾಪಾಲಕನಾದ ಬುಗೆನ್‌ಹಾಗೆನ್ ಕೆಲವೇ ಸಾಕ್ಷಿಗಳ ಎದುರಿನಲ್ಲಿ ಅವರ ವಿವಾಹವನ್ನು ನೆರವೇರಿಸಿದನು. ಎರಡು ವಾರಗಳ ಬಳಿಕ ವಧೂವರರು ಮೆರವಣಿಗೆಯಲ್ಲಿ ಊರ ದೇವಾಲಯಕ್ಕೆ ಹೋದರು, ಬಂಧುಮಿತ್ರರಿಗೆ ಔತಣವಾಯಿತು. ವಿರೋಧಿಗಳು ನಕ್ಕರು, ಮೊದಲೇ ತಿಳಿಸಲಿಲ್ಲವೆಂದು ಆಪ್ತನಾದ ಮೆಲಾಂಕ್ತನನೂ ನೊಂದುಕೊಂಡನು.

ಮೋಹದಿಂದ ಆದ ಮದುವೆಯಲ್ಲ ಅದು. ಗೌರವದಿಂದ ಮೊದಲಾದುದು ಪ್ರೀತಿಯಾಗಿ ಬೆಳೆಯಿತು. ಒಬ್ಬಂಟಿಗನಾಗಿದ್ದವನಿಗೆ ಬೆಳಗ್ಗೆ ಕಣ್ತೆರೆದಾಗ ಪಕ್ಕದ ದಿಂಬಿನ ಮೇಲೆ ಎರಡು ಜಡೆಗಳನ್ನು ಕಾಣುವುದೇ ಒಂದು ಸೋಜಿಗವೆಂದು ಲೂಥರನು ಸ್ನೇಹಿತರೊಡನೆ ಹೇಳಿಕೊಂಡುದುಂಟು. ಆತನು ಓದುತ್ತಿದ್ದರೆ ಆಕೆ ಬಳಿಯಲ್ಲಿ ಕುಳಿತು ನೂಲುತ್ತ, ಪ್ರಷ್ಯದ ಅಧಿಪತಿಯು ಬ್ರಾಂಡೆನ್‌ಬರ್ಗಿನ ರಾಜಕುಮಾರನ ತಮ್ಮನೇ ಎಂದು ಕೇಳಿದಳಂತೆ. ಇಬ್ಬರೂ ಒಬ್ಬನೇ ಎಂಬುದು ಆಕೆಗೆ ತಿಳಿಯದು; ಮಾತಾಡಬೇಕೆಂಬುದಷ್ಟೇ ಆಕೆಯ ಆಸೆ.

ಅವರ ಬಿಡಾರವು ಹಿಂದೆ ಮಠವಾಗಿದ್ದ ದೊಡ್ಡ ಕಟ್ಟಡ. ಲೂಥರನು ತನ್ನ ಪುಸ್ತಕಗಳಿಗೆ ಸಂಭಾವನೆ ತೆಗೆದುಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ ಇದ್ದುದನ್ನು ಕೊಟ್ಟುಬಿಡುತ್ತಿದ್ದನು. ಮನೆ ಉಳಿದುದು ಕಾಥರೀನಳ ದುಡಿಮೆಯಿಂದ. ಆಕೆ ವಿದ್ಯಾರ್ಥಿಗಳಿಗೆ ಹಣಕ್ಕೆ ಊಟವಸತಿ ಒದಗಿಸಿದಳು, ತೋಟ, ದನ, ಹಂದಿ ಸಾಕಿದಳು, ಬಿಯರ್ ತಯಾರಿಸಿದಳು. ನಸುಕಿನಲ್ಲೇ ಏಳುವ ಆಕೆಗೆ ಪತಿಯು ಬೆಳ್ಳಿಚುಕ್ಕಿಯ ಹೆಸರಿಟ್ಟಿದ್ದನು. ಊಟದ ಮನೆ ನಡೆಸಿದವರಿಗೆ ಆಕೆಯ ಶ್ರಮವನ್ನು ವಿವರಿಸಬೇಕಾಗಿಲ್ಲ.

ಈ ಮನೆಯು ಸಭೆಯಿಂದ ಬೇರೆಯಾಗಿ ನಿಂತುದಲ್ಲ. ಜಗತ್ಪ್ರಸಿದ್ಧನಾದರೂ ಲೂಥರನು ತನ್ನ ಪಾಪಗಳನ್ನು ಊರ ಪಾಲಕನಾದ ಬುಗೆನ್‌ಹಾಗೆನ್‌ನ ಎದುರು ಅರಿಕೆಮಾಡಿಕೊಳ್ಳುತ್ತಿದ್ದನು. ೧೫೨೭ರಲ್ಲಿ ಪ್ಲೇಗು ಬಂದು, ವಿಶ್ವವಿದ್ಯಾನಿಲಯವೇ ಬೇರೆ ಊರಿಗೆ ಹೋದಾಗ, ಲೂಥರನು ಗರ್ಭಿಣಿಯಾದ ಹೆಂಡತಿಯೊಡನೆ ಸಭೆಯ ಜನರ ನಡುವೆಯೇ ಉಳಿದನು. ಬುಗೆನ್‌ಹಾಗೆನ್‌ನ ತಂಗಿಯು ರೋಗಕ್ಕೆ ಬಲಿಯಾದಾಗ ಆತನ ಕುಟುಂಬವು ಲೂಥರನ ಮನೆಗೇ ಬಂದು ಸೇರಿತು. ಆ ಡಿಸೆಂಬರಿನಲ್ಲಿ ಹುಟ್ಟಿದ ಎಲಿಸಬೆತ್ ಎಂಬ ಮಗುವು ಎಂಟೇ ತಿಂಗಳು ಬದುಕಿತು.

೧೫೩೦ರಲ್ಲಿ ಲೂಥರನು ಸುಮಾರು ಆರು ತಿಂಗಳು ಕೋಬುರ್ಗಿನ ಕೋಟೆಯಲ್ಲಿ ಸಂಸಾರವನ್ನಗಲಿ ಇರಬೇಕಾಯಿತು. ಕಾಥರೀನಾ ಒಂದು ವರ್ಷದ ಮಗಳು ಮಗ್ದಲೇನಳ ಚಿತ್ರವನ್ನು ಬರೆಸಿ ಕಳುಹಿಸಿದಳು. ಆತನು ಅದನ್ನು ಊಟದ ಮೇಜಿನೆದುರಿಗೆ ಗೋಡೆಯಲ್ಲಿ ತೂಗಹಾಕಿದನು. ಅದೇ ಮಗಳು ೧೫೪೨ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ತಂದೆಯ ತೋಳಿನಲ್ಲೇ ಪ್ರಾಣಬಿಟ್ಟಳು.

ಆತನ ಚರಿತ್ರೆಯ ಒಂದು ಕಳಂಕವನ್ನು ಮರೆಮಾಚುವುದು ಸರಿಯಲ್ಲ. ಹೆಸ್ಸೆ ಪ್ರಾಂತದ ಅಧಿಪತಿ ಫಿಲಿಪನು, ಹೆಂಡತಿಯು ಜೀವಿಸಿರುವಾಗಲೇ, ಇನ್ನೊಬ್ಬಳನ್ನು ಮದುವೆಯಾಗಲು ಅನುಮತಿ ಬೇಡಿದನು. ೧೫೩೯ರ ಡಿಸೆಂಬರಿನಲ್ಲಿ ಲೂಥರನೂ ಮೆಲಾಂಕ್ತನನೂ ಗುಟ್ಟಾಗಿ ಸಮ್ಮತಿಸಿದರು. ಮರುವರ್ಷ ಮದುವೆ ನಡೆದು ಸುದ್ದಿ ಬಯಲಾದಾಗ ಅಲ್ಲಗಳೆಯುವಂತೆ ಲೂಥರನೇ ಬುದ್ಧಿ ಹೇಳಿದನು. ತನ್ನ ಮದುವೆಯನ್ನು ಊರ ದೇವಾಲಯದವರೆಗೆ ಮೆರೆಸಿದವನು, ಬಲಾಢ್ಯನಿಗಾಗಿ ಇನ್ನೊಂದು ಮದುವೆಯನ್ನು ಸಭೆಯ ಕಣ್ಣಿಗೆ ಮರೆಮಾಡಲು ಹೋಗಿ ಮುಗ್ಗರಿಸಿದನು. ದಂಪತಿಗಳ ಏಕಾಂತವು ಅವರಿಬ್ಬರದೇ. ಆದರೆ ಅವರ ಪ್ರಮಾಣವು ಸಭೆಯ ಎದುರಿನದು. ಆ ಎದುರನ್ನು ತಪ್ಪಿಸಿದಲ್ಲಿ ಮೊದಲು ನೋಯುವವಳು ಮನೆಯ ಹೆಂಡತಿ.

೧೫೪೬ರ ಫೆಬ್ರವರಿ ೧೮ರಂದು ಲೂಥರನು ತಾನು ಹುಟ್ಟಿದ ಐಸ್ಲೆಬೆನ್‌ನಲ್ಲಿಯೇ ತೀರಿಕೊಂಡನು. ಕೆಲವು ದಿನಗಳ ಹಿಂದೆಯಷ್ಟೇ ಅಲ್ಲಿಂದ, ತನಗಾಗಿ ಚಿಂತಿಸಿ ನಿದ್ದೆಗೆಡುತ್ತಿದ್ದ ಹೆಂಡತಿಗೆ ಪರಿಹಾಸದ ಕಾಗದಗಳನ್ನು ಬರೆದಿದ್ದನು. ಮದುವೆ ಮಾಡಿಸಿದ ಬುಗೆನ್‌ಹಾಗೆನ್‌ನೇ ಅಂತ್ಯಕ್ರಿಯೆಯ ಉಪದೇಶವನ್ನೂ ಮಾಡಿದನು. ಸರ್ವಸ್ವವೂ ಹೆಂಡತಿಗೆ ಸೇರಬೇಕೆಂದು ಲೂಥರನು ೧೫೪೨ರಲ್ಲಿಯೇ ಉಯಿಲು ಬರೆದಿದ್ದನು. ದೇಶದ ಕಾನೂನಿಗೆ ಅದು ಒಪ್ಪಿಗೆಯಾಗಲಿಲ್ಲ. ಯುದ್ಧದಿಂದ ಕಾಥರೀನಳ ಹೊಲಮನೆಗಳು ಹಾಳಾದವು. ೧೫೫೨ರಲ್ಲಿ ಪ್ಲೇಗಿಗೆ ಹೆದರಿ ಮಕ್ಕಳೊಡನೆ ಟೋರ್ಗಾವ್‌ಗೆ ಹೋಗುವಾಗ ಕುದುರೆಗಳು ಬೆದರಿ, ಆಕೆ ಗಾಡಿಯಿಂದ ಬಿದ್ದು, ಡಿಸೆಂಬರ್ ೨೦ರಂದು ನಿಧನಳಾದಳು. ಅಲ್ಲಿಗೇ ಸ್ಥಳಾಂತರಗೊಂಡಿದ್ದ ವಿಶ್ವವಿದ್ಯಾನಿಲಯದವರು ಆ ವಿಧವೆಯ ಅಂತ್ಯಕ್ರಿಯೆಗೆ ವಿದ್ಯಾರ್ಥಿಗಳನ್ನು ಕರೆದರು. ಆ ಊರಿನ ದೇವಾಲಯದಲ್ಲಿ ಆಕೆಯ ಸಮಾಧಿಯಿದೆ.

ಹೊಟ್ಟೆಪಾಡಿಗಾಗಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನಮ್ಮವರು ಅನೇಕರು. ಕೋಬುರ್ಗಿನ ಗೋಡೆಯ ಮೇಲಿನ ಚಿತ್ರದ ಅರ್ಥ ಅವರಿಗೆ ತಿಳಿಯದಿರದು. ಪ್ರೀತಿಗೆ ಕಾಗದವೂ ಆಸರೆ. ಪರಸ್ಥಳದಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವ, ತಪ್ಪಿದಾಗ ತಿದ್ದುವ ಒಂದು ಸಭೆಯೂ ಆಸರೆಯೇ.